ಅದು ಹೆಂಗಸರ ಕಾಯಿಲೆ ಅಲ್ವಾ?

ಅಲ್ಲ. ಗಂಡಸರಿಗೂ ಬರುತ್ತೆ, ಮಕ್ಕಳಿಗೂ ಬರುತ್ತೆ. ನನಗೆ ಬಂದಿದೆ. ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲಾ ನೋವು, ಸುಸ್ತು ಇರುವ ಕಾಯಿಲೆ. ಈ ಹೆಸರು ಹೇಳಿದ ತಕ್ಷಣ ಜನ ಮೊಬೈಲ್‌ನಲ್ಲಿ ಹುಡುಕಿ, ನನ್ನ ಮೀಸೆ ನೋಡಿ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ನೂರರಲ್ಲಿ ಸುಮಾರು ಇಬ್ಬರಿಂದ ನಾಲ್ವರಿಗೆ ಇರುವ ಕಾಯಿಲೆ ಇದು. 2011ರ ಜನಗಣತಿಯಲ್ಲಿ ಬೆಂಗಳೂರಿನವರು ಸುಮಾರು 85 ಲಕ್ಷ. ನೂರಕ್ಕೆ ಇಬ್ಬರೇ ಅಂದುಕೊಂಡರೂ 1,70,000 ಆಯಿತು. ಮೆಜೆಸ್ಟಿಕ್‌ನಲ್ಲಿ ನಿಮ್ಮ ಪಕ್ಕ ಬಸ್ಸಿಗೆ ಕಾಯುವವರಲ್ಲೂ ಇರುತ್ತಾರೆ. ಮುಖ ನೋಡಿದರೆ ಗೊತ್ತಾಗಲ್ಲ.

ಹೆಂಗಸರಲ್ಲಿ ಹೆಚ್ಚು, ಅದು ನಿಜ. ಆದರೆ ಎಷ್ಟು ಹೆಚ್ಚು? ಈ ಕಾಯಿಲೆ ಗುರುತಿಸಲು ಡಾಕ್ಟರುಗಳು ಬಳಸುತ್ತಿದ್ದ 1990ರ ಮಾನದಂಡದಲ್ಲಿ ಮೈಮೇಲೆ 18 ಜಾಗ ಒತ್ತಿ ನೋಡುತ್ತಿದ್ದರು, 11 ಕಡೆ ನೋಯಬೇಕಿತ್ತು. ಒತ್ತಿದರೆ ಹೆಂಗಸರಿಗೆ ಬೇಗ ನೋಯುತ್ತೆ. ಎಷ್ಟೋ ಗಂಡಸರು ಲೆಕ್ಕಕ್ಕೇ ಸಿಗಲಿಲ್ಲ. 2010ರಲ್ಲಿ ಒತ್ತುವುದನ್ನು ಬಿಟ್ಟು ಎಲ್ಲೆಲ್ಲಿ ನೋವು, ಎದ್ದಾಗ ಸುಸ್ತಿದೆಯಾ, ಮರೆವು ಇದೆಯಾ ಎಂದು ಕೇಳತೊಡಗಿದ ಮೇಲೆ ಆ ಅಂತರ ಕಡಿಮೆಯಾಯಿತು.

ಕಳೆದ ವರ್ಷ ಹನುಮಂತನಗರದಲ್ಲಿ ನೆಂಟರ ಗೃಹಪ್ರವೇಶ. ಎರಡನೇ ಪಂಕ್ತಿಗೆ ಸಾರಿನ ಬಕೆಟ್ ಹಿಡಿ ಅಂದರು. ಹಿಡಿಕೆಯ ತಂತಿ ಬೆರಳಿಗೆ ಒತ್ತಿದ್ದೇ ತಡ, ಮೊಣಕೈಯಿಂದ ಕುತ್ತಿಗೆವರೆಗೆ ಉರಿ ಹತ್ತಿತು. ಕೆಳಗಿಟ್ಟೆ. "ರಿಪೋರ್ಟೆಲ್ಲಾ ನಾರ್ಮಲ್ ಅಂದ್ಯಲ್ಲೋ!" ಅಂತ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು. ನಾರ್ಮಲ್ಲೇ. ರಕ್ತದಲ್ಲಿ, ಎಕ್ಸ್‌ರೇಯಲ್ಲಿ ಇದು ಕಾಣಿಸಲ್ಲ. ಮಿದುಳು, ನರಗಳು ನೋವನ್ನು ಹಿಗ್ಗಿಸಿ ತೋರಿಸುತ್ತವೆ. ಬಕೆಟ್‌ನ ಭಾರ ಅಷ್ಟೇ, ನನಗೆ ಮುಟ್ಟುವ ನೋವು ಬೇರೆ. ಇದನ್ನೆಲ್ಲಾ ಅಲ್ಲಿ ಹೇಳಲಿಲ್ಲ. ಸಿಟ್ಟಿನಿಂದ ಗಂಟಲು ಕಟ್ಟಿತ್ತು.

"ನಿನಗೆ ಹೇಗೆ ಬಂತು?" ಅಂತ ಎಲ್ಲರೂ ಕೇಳುತ್ತಾರೆ. "ರಾತ್ರಿ ನಿದ್ದೆ ಬಂತಾ?" ಅಂತ ಯಾರಾದರೂ ಕೇಳಬಾರದೇ? ಎಂಟು ಗಂಟೆ ಮಲಗಿದರೂ ಮೈ ಜಜ್ಜಿದ ಹಾಗೆ ಏಳುತ್ತೇನೆ. ನೋವಿಗಿಂತ ನನ್ನನ್ನು ಹಣ್ಣು ಮಾಡಿರುವುದು ಅದು.

ಅವತ್ತು ಕೋಸಂಬರಿ ಬಡಿಸುತ್ತಿದ್ದ ಹೆಂಗಸೊಬ್ಬರು ಕೈತೊಳೆಯುವ ಕಡೆ ನನ್ನ ಹತ್ತಿರ ಬಂದರು. "ನಿಮಗೂ ಬೆಳಗ್ಗೆ ಹೊತ್ತೇ ಜಾಸ್ತಿನಾ?" ಅಂತ ಮೆಲ್ಲಗೆ ಕೇಳಿದರು. ಅವರಿಗೆ ಆರು ವರ್ಷದಿಂದ ಹೀಗೇ. ಮನೆಯಲ್ಲಿ ಉಷ್ಣ ಅಂತಾರೆ, ಸೋಮಾರಿತನ ಅಂತಾರೆ. ಸಂಧಿವಾತದ ಡಾಕ್ಟರಿಗೆ, ಅಂದರೆ ರುಮಟಾಲಜಿಸ್ಟ್‌ಗೆ ತೋರಿಸಿ ಅಂದೆ. ಅವರು ಕೈಯೊರೆಸಿಕೊಂಡು, ಆ ಹೆಸರನ್ನು ಮೊಬೈಲ್‌ನಲ್ಲಿ ನನ್ನ ಕೈಯಲ್ಲೇ ಬರೆಸಿಕೊಂಡರು.