ಸಾರು ಚೆಲ್ಲಿದ ಮೇಲೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
8 ಮಾರ್ಚ್ 2025, ಶನಿವಾರ

ಕಾರಲ್ಲಿ ಇನ್ನೂ ಸಾರಿನ ವಾಸನೆ ಹೋಗಿಲ್ಲ. ಹೋದ ಭಾನುವಾರ ಗೆಳತಿಯ ಮನೆಗೆ ಊಟಕ್ಕೆ ಹೊರಟಿದ್ದೆವು. ಮಗಳು ಕಲಿಯುವವರ ಪರ್ಮಿಟ್ ಮೇಲೆ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ. ಮನೆಯಿಂದ ರಿವರ್ಸ್ ತೆಗೆಯುವಾಗ ಹಿಂದೆ ಒಬ್ಬ ಸೈಕಲ್ ಹುಡುಗ. ನಾನು ಕಿರುಚಿದೆ, ಅವಳು ಬ್ರೇಕ್ ಒತ್ತಿದಳು. ಹುಡುಗ ತಿರುಗಿಯೂ ನೋಡದೆ ಹೋದ. ಹಿಂದಿನ ಸೀಟಿನಲ್ಲಿದ್ದ ಸಾರಿನ ಪಾತ್ರೆ ಮಾತ್ರ ಮಗುಚಿಕೊಂಡಿತು.

ಅವತ್ತು ರಾತ್ರಿ ಕಾರಿನ ವಿಮೆ ಪಾಲಿಸಿ ತೆಗೆದು ಓದಿದೆ. ನಮ್ಮಿಂದ ಒಬ್ಬರಿಗೆ ಗಾಯವಾದರೆ ವಿಮೆಯವರು ಕೊಡೋದು ಹೆಚ್ಚೆಂದರೆ 1 ಲಕ್ಷ ಡಾಲರ್, ಒಂದು ಅಪಘಾತಕ್ಕೆ ಒಟ್ಟು 3 ಲಕ್ಷ. ಈ ರಾಜ್ಯದಲ್ಲಿ ಕನಿಷ್ಠ ಮಿತಿ 15,000 ಮತ್ತು 30,000 ಇತ್ತು. 1967ರಿಂದ ಅಷ್ಟೇ! ಈ ಜನವರಿಯಲ್ಲಿ ಅದು ಎರಡರಷ್ಟಾಯಿತು. ನಮ್ಮದು ಜಾಸ್ತಿನೇ ಇದೆ ಅಂತ ಇಷ್ಟು ದಿನ ಆರಾಮಾಗಿದ್ದೆ. ಆದರೆ ಇಲ್ಲಿ ಯಾರಾದರೂ ತಲೆಗೆ ಪೆಟ್ಟಾಗಿ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರೆ 1 ಲಕ್ಷ ಯಾವ ಮೂಲೆಗೆ ಸಾಲುತ್ತೆ? ಉಳಿದದ್ದಕ್ಕೆ ಕೋರ್ಟು ನಮ್ಮ ಸಂಬಳಕ್ಕೂ ಕೈ ಹಾಕಬಹುದು. ಡಿಎಂವಿಯಲ್ಲಿ, ಅಂದರೆ ಲೈಸೆನ್ಸ್ ಕೊಡುವ ಇಲ್ಲಿನ ಕಚೇರಿಯಲ್ಲಿ, ಮಗಳ ಪರ್ಮಿಟ್ ಅರ್ಜಿಗೆ ಸಹಿ ಹಾಕಿದವಳು ನಾನೇ. ಅವಳ ಡ್ರೈವಿಂಗಿಗೆ ನಾನೂ ಹೊಣೆ ಅಂತ ಒಪ್ಪಿಕೊಂಡ ಹಾಗೆ ಅದು. ಅವತ್ತು ಓದದೆ ಹಾಕಿದ್ದೆ, ಬಿಡಿ.

ಅದಕ್ಕೇ ಅಂಬ್ರೆಲಾ ಪಾಲಿಸಿ ವಿಚಾರಿಸಿದೆ. ನಮ್ಮಿಂದ ಬೇರೆಯವರಿಗೆ ಪೆಟ್ಟಾಗಿ ಕಾರಿನ ಇಲ್ಲವೇ ಮನೆಯ ವಿಮೆಯ ಮಿತಿ ಮುಗಿದರೆ, ಅದರ ಮೇಲಿನದನ್ನು ಕೊಡುವ ವಿಮೆ ಅದು. 10 ಲಕ್ಷ ಡಾಲರಿಗೆ ನಮಗೆ ವರ್ಷಕ್ಕೆ 430 ಅಂದರು. ಆದರೆ ಮೊದಲು ಕಾರಿನ ಮಿತಿಯನ್ನು ಎರಡೂವರೆ ಲಕ್ಷ, 5 ಲಕ್ಷಕ್ಕೆ ಏರಿಸಬೇಕು, ಅದಕ್ಕೆ ಇನ್ನೊಂದು 210. ಕೇಸಾದರೆ ವಕೀಲರ ಖರ್ಚೂ ಅವರದೇ. ನಮಗೇ ಪೆಟ್ಟಾದರೆ ಮಾತ್ರ ಇದರಲ್ಲಿ ಬಿಡಿಗಾಸೂ ಇಲ್ಲ.

"ನಾವೇನು ಕೋಟ್ಯಧಿಪತಿಗಳಾ? ಮನೆ ಇನ್ನೂ ಬ್ಯಾಂಕಿನದು" ಅಂದರು ಇವರು.

"ರೀ, ಸಂಬಳ ನಿಮ್ಮದೇ ಅಲ್ವಾ?" ಅಂದೆ.

ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೂ ಹೇಳಿದೆ. "ಬಿಡ್ತು ಅನ್ನು! ಮಗು ಗಾಡಿ ಕಲಿಯೋ ಹೊತ್ತಲ್ಲಿ ಇದೆಂಥ ಮಾತು?" ಅಂತ ಬೈದಳು. ಬಿಡ್ತು ಅಂದೆ. ಅರ್ಜಿ ಮಾತ್ರ ಬಿಡಲಿಲ್ಲ.

ಇವತ್ತು ಮಧ್ಯಾಹ್ನ ಇಬ್ಬರೂ ಕೂತು ಅರ್ಜಿ ತುಂಬಿದೆವು. ನಾಯಿ ಇದೆಯಾ? ಇಲ್ಲ. ಈಜುಕೊಳ? ಇಲ್ಲ. ಟ್ರ್ಯಾಂಪೊಲಿನ್? ಇವರು ಕಿಟಕಿಯಾಚೆ ನೋಡಿದರು. ಹಿತ್ತಲಲ್ಲಿ ನಾಲ್ಕು ಮಕ್ಕಳು ಕುಣಿಯುತ್ತಿದ್ದರು. ಅದರಲ್ಲಿ ನಮ್ಮವನು ಒಬ್ಬನೇ.

"ಹೌದು ಅಂತ ಹಾಕು" ಅಂದರು, ಮೆಲ್ಲಗೆ.