ಹೋಂ ಸ್ಟಡಿಯಲ್ಲಿ ಮನೆತನದ ಬಗ್ಗೆ ಏನು ಬರೆಯಬೇಕು?

ಹೊರದೇಶದಲ್ಲಿರುವ ಭಾರತೀಯರು ಇಲ್ಲಿಂದ ಮಗುವನ್ನು ದತ್ತು ಪಡೆಯಬೇಕಾದರೆ ಆ ದೇಶದ ಅಧಿಕೃತ ದತ್ತು ಏಜೆನ್ಸಿಯನ್ನೋ, ದತ್ತು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಕಚೇರಿಯಾದ ಕೇಂದ್ರ ಪ್ರಾಧಿಕಾರವನ್ನೋ ಹಿಡಿಯಬೇಕು. ನಿಮ್ಮನ್ನು ಮಾತಾಡಿಸಿ, ಮನೆ ನೋಡಿ, ಮಗುವನ್ನು ಸಾಕಲು ನೀವು ತಕ್ಕವರೇ ಎಂದು ತಿಳಿಸುವ ಹೋಂ ಸ್ಟಡಿ ವರದಿ ಬರೆದು, ಭಾರತದಲ್ಲಿ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ಗೆ ಕಳಿಸುವುದು ಅವರೇ. ದಂಪತಿ ಮದುವೆಯಾಗಿ 2 ವರ್ಷವಾಗಿರಬೇಕು, ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷ ಅಂತರವಿರಬೇಕು ಎಂಬಂಥವು ಕಾಗದ ನೋಡಿದರೆ ತಿಳಿಯುತ್ತವೆ. ಜನ ಎಡವುವುದು ತಮ್ಮ ಬಗ್ಗೆ ತಾವೇ ಹೇಳಬೇಕಾದ ಕಡೆ.

ಮೊದಲು ಹೆಸರು. ಮದುವೆ ಪ್ರಮಾಣಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ಅಪ್ಪನ ಹೆಸರು, ಅಂಕಪಟ್ಟಿಯಲ್ಲಿ ಊರಿನ ಹೆಸರು: ನಮ್ಮವರಲ್ಲಿ ಇದು ಮಾಮೂಲಿ. ಹೊರಗಿನವರಿಗೆ ಮೂವರು ಬೇರೆಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಮೂರೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ಮುಂಚೆಯೇ ಮಾಡಿಸಿಡಿ. ಇದ್ದ ಊರು, ವಿಳಾಸ, ಕೆಲಸಗಳನ್ನು ತಿಂಗಳು ಸಮೇತ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಕೆಲಸವಿಲ್ಲದೆ ಕಳೆದ ಆರು ತಿಂಗಳಿದ್ದರೆ ಹಾಗೆಯೇ ಹೇಳಿ. ಬಚ್ಚಿಟ್ಟ ಖಾಲಿ ಜಾಗವೇ ಅನುಮಾನಕ್ಕೆ ದಾರಿ.

ಸಂಪ್ರದಾಯದ ಭಾಗ ಹಗುರವೆಂದು ತಿಳಿಯಬೇಡಿ. ‘ಯುಗಾದಿ, ದೀಪಾವಳಿ ಆಚರಿಸುತ್ತೇವೆ’ ಎಂದರೆ ವರದಿ ಬರೆಯುವ ಸಮಾಜ ಕಾರ್ಯಕರ್ತೆಗೆ ಏನೂ ತಿಳಿದಂತಾಗದು. ಆ ಹಬ್ಬದಲ್ಲಿ ಮಗು ಎಲ್ಲಿ ಕೂರುತ್ತದೆ ಎನ್ನುವುದು ಅವರಿಗೆ ಬೇಕು. ಅಜ್ಜಿ ಮಗುವಿನ ಕೈಯಲ್ಲಿ ಪೂಜೆ ಮಾಡಿಸುತ್ತಾರೋ, ‘ಗೋತ್ರ ಯಾವುದು’ ಎಂದು ನೆಂಟರು ಕೇಳಿದರೆ ಮನೆಯವರು ಏನು ಹೇಳುತ್ತಾರೋ? ಹಿರಿಯರ ಜತೆ ಇದನ್ನು ಬಾಯಿಬಿಟ್ಟು ಮಾತಾಡಿದ ಮೇಲೆಯೇ ಬರೆಯಿರಿ. ಅನಾಥವಾಗಿ ಸಿಕ್ಕ ಮಗುವಿನ ಜನ್ಮದಿನ ಅನೇಕ ವೇಳೆ ವೈದ್ಯರು ಅಂದಾಜು ಮಾಡಿದ್ದು. ನಕ್ಷತ್ರ ನೋಡಿ ಹೆಸರಿಡುವ, ಜಾತಕ ಬರೆಸುವ ಮನೆಯಾದರೆ ಇದನ್ನು ಈಗಲೇ ಒಪ್ಪಿಕೊಂಡಿರಬೇಕು. ಮೂರು ವರ್ಷದ ಮಗು ಆಗಲೇ ಒಂದು ಹೆಸರಿಗೆ ಓಗೊಡುತ್ತಿರುತ್ತದೆ; ಅದನ್ನು ಉಳಿಸಿಕೊಳ್ಳುವುದೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಗು ಬೇರೆ ರಾಜ್ಯದ್ದೂ ಆಗಿರಬಹುದು; ಒಡಿಯಾ ಮಾತಾಡುವ ಮಗುವಿಗೆ ಕನ್ನಡವೂ ಇಂಗ್ಲಿಷಿನಷ್ಟೇ ಹೊಸದು. ‘ಮನೆಯಲ್ಲಿ ಕನ್ನಡ ಕಲಿಸುತ್ತೇವೆ’ ಎನ್ನುವ ಮೊದಲು, ನೀರು, ಹಸಿವು, ನೋವು, ನಿದ್ದೆ, ಉಚ್ಚೆ ಎಂಬ ಐದು ಮಾತನ್ನಾದರೂ ಆ ಮಗುವಿನ ಭಾಷೆಯಲ್ಲಿ ನೀವು ಕಲಿಯಿರಿ.

ಪರದೇಶದ ಬದುಕನ್ನು ಬರೆಯುವಾಗ ಮನೆಯ ಚದರಡಿಗಿಂತ ಒಂದು ಮಂಗಳವಾರದ ದಿನಚರಿ ಹೆಚ್ಚು ಹೇಳುತ್ತದೆ. ಯಾರು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ, ದತ್ತು ರಜೆ ಎಷ್ಟು ವಾರ, ರಾತ್ರಿ ಜ್ವರ ಬಂದರೆ ಯಾವ ಸ್ನೇಹಿತರು ಓಡಿಬರುತ್ತಾರೆ? ಕಂಪನಿ ಬೇರೆ ದೇಶಕ್ಕೆ ವರ್ಗ ಮಾಡುವ ಸಾಧ್ಯತೆ ಇದ್ದರೆ ಅದನ್ನೂ ಸೇರಿಸಿ. ಮಗು ಬಂದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ, ಮಗು ಹೇಗಿದೆ ಎಂದು ತಿಳಿಸುವ ಒಟ್ಟು 6 ವರದಿ ಹೋಗಬೇಕು. ನಡುವೆ ದೇಶ ಬದಲಾದರೆ ಅವನ್ನು ಬರೆಯುವವರು ಯಾರು ಎಂಬುದನ್ನು ಏಜೆನ್ಸಿ ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.