ಮಾರಿಕಣಿವೆಯಲ್ಲಿ ಟ್ರೋಲಿಂಗ್: ನಾಲ್ಕನೇ ಭಾನುವಾರ

ಕೊನೆಗೂ ಮೀನು ಬಿತ್ತು. ನಾನೇ ಬಡಿದು ಮಾಡಿದ ಸ್ಟೀಲ್ ಚಮಚಕ್ಕೆ (ಮೀನನ್ನು ಸೆಳೆಯುವ, ಗಾಳ ಕಟ್ಟಿದ ಚಮಚದಾಕಾರದ ತಗಡು), ಸಾಗುತ್ತಿದ್ದ ಹರಿಗೋಲಿನಿಂದ. ಹಿಂದಿನ ಮೂರು ಭಾನುವಾರ ಬರಿಗೈಲಿ ಚಿತ್ರದುರ್ಗಕ್ಕೆ ವಾಪಸ್ ಬಂದಿದ್ದೆ.

ದೋಣಿ ನಿಧಾನಕ್ಕೆ ಹೋಗುತ್ತಿರುವಾಗ ಹಿಂದೆ ಉದ್ದ ದಾರ ಬಿಟ್ಟು ಹೊಳೆಯುವ ಚಮಚ ಎಳೆಯುವುದೇ ಟ್ರೋಲಿಂಗ್. ಅಮೆರಿಕದ ಸೆಬಾಗೋದಂಥ ಸರೋವರಗಳಲ್ಲಿ ಸಮುದ್ರದ ಕಡೆಗೇ ಹೋಗದ ಸಾಲ್ಮನ್ ಇದೆ. ಅದನ್ನೂ ಟ್ರೌಟನ್ನೂ ಹೀಗೇ ಹಿಡಿಯುತ್ತಾರೆ. ಇಲ್ಲಿನ ಬಿಸಿನೀರಲ್ಲಿ ಅವು ಬದುಕಲ್ಲ. ನಮ್ಮ ದಕ್ಷಿಣದಲ್ಲಿ ಟ್ರೌಟ್ ನೋಡಬೇಕಂದರೆ ನೀಲಗಿರಿಗೋ ಮುನ್ನಾರಿಗೋ ಹೋಗಬೇಕು. ಹಾಗಾಗಿ ಆ ವಿಧಾನವನ್ನಷ್ಟೇ ತಂದುಕೊಂಡೆ, ನಮ್ಮ ಬಾಳೆ ಮೀನಿಗೆ, ಕುಚ್ಚು ಮೀನಿಗೆ.

ಮಾರಿಕಣಿವೆಯ ಜಲಾಶಯ, ಅಂದರೆ ವಾಣಿವಿಲಾಸ ಸಾಗರವನ್ನೇ ಆರಿಸಿದ್ದಕ್ಕೆ ಕಾರಣ ಅದರ ಆಳ. 1907ರಲ್ಲಿ ಮುಗಿದ ಕಟ್ಟೆ, ತುಂಬಿದರೆ 130 ಅಡಿ. 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದಿದ್ದು 2022ರಲ್ಲಿ. ಆ ದಿನ ಕೋಡಿ ನೋಡಲು ಹೋದವರಲ್ಲಿ ನಾನೂ ಒಬ್ಬ. ಇಷ್ಟು ನೀರಿನ ಅಡಿಯಲ್ಲಿ ಏನಿರಬಹುದು ಅನ್ನೋ ಕುತೂಹಲ ಅವತ್ತೇ ಹತ್ತಿದ್ದು.

ಬೆಳಿಗ್ಗೆ ಐದೂವರೆಗೆ ಕಣಿವೆ ಮಾರಮ್ಮನಿಗೆ ಕೈ ಮುಗಿದು ನೀರಿಗಿಳಿದೆವು. ಮೀನು ಹಿಡಿಯುವ ಗುತ್ತಿಗೆಯವರ ಒಪ್ಪಿಗೆ ಮೊದಲೇ ಪಡೆದಿದ್ದೆ. ಹುಟ್ಟು ಹಾಕಿದವರು ಅಲ್ಲಿಯದೇ ಹಿರಿಯ ಮೀನುಗಾರರು. ಲೈಫ್ ಜಾಕೆಟ್ ಇಬ್ಬರಿಗೂ ಇತ್ತು. ಹರಿಗೋಲಿನಲ್ಲಿ ಇದನ್ನು ಮಾತ್ರ ಬಿಡಬೇಡಿ.

ಮೊದಲ ಕೆಲಸ ನೀರಿನ ಬಿಸಿ ಅಳೆಯುವುದು. ಬಾಟಲಿಗೆ ಸೀಸದ ಗುಂಡು ಕಟ್ಟಿ, ಮುಚ್ಚಳಕ್ಕೆ ಬೇರೆ ದಾರ ಕಟ್ಟಿದ್ದೆ. ಬೇಕಾದ ಆಳಕ್ಕೆ ಇಳಿಸಿ ಮುಚ್ಚಳ ಎಳೆದರೆ ಅಲ್ಲಿನ ನೀರು ತುಂಬಿಕೊಳ್ಳುತ್ತದೆ. ಮೇಲೆ ತಂದು ತಕ್ಷಣ ಥರ್ಮಾಮೀಟರ್ ಅದ್ದಬೇಕು. ಮೇಲ್ಮೈಯಲ್ಲಿ 29 ಡಿಗ್ರಿ, ಐದು ಮೀಟರಿನಲ್ಲಿ 28, ಹನ್ನೆರಡರಲ್ಲಿ 25.

ಇಲ್ಲೇ ನಾನು ಮೂರು ವಾರ ಎಡವಿದ್ದು. ತಣ್ಣನೆಯ ದೇಶದ ಸರೋವರದಲ್ಲಿ ಬೇಸಿಗೆಗೆ ಮೇಲಿನ ನೀರು ಕಾಯುತ್ತದೆ. ಸಾಲ್ಮನ್, ಟ್ರೌಟ್ ತಂಪು ಹುಡುಕಿ ಕೆಳಗಿಳಿಯುತ್ತವೆ. ಅದಕ್ಕೇ ಅಲ್ಲಿಯವರು ಭಾರದ ಗುಂಡು ಕಟ್ಟಿ ಚಮಚವನ್ನು ಆಳಕ್ಕೆ ಇಳಿಸುತ್ತಾರೆ. ನಾನೂ ಸುಮ್ನೆ ಹಾಗೇ ಮಾಡಿದೆ. ಆದರೆ ನಮ್ಮ ಮೀನಿಗೆ 29 ಡಿಗ್ರಿ ಕಷ್ಟವೇ ಅಲ್ಲ. ಅದಕ್ಕೆ ಕೆಳಗೆ ಹೋಗುವ ಗರಜೇ ಇಲ್ಲ, ಬೇಸಿಗೆಯಲ್ಲಿ ತಳದ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ನೀರು ಕಡಿಮೆ ಇದ್ದ ವರ್ಷಗಳಲ್ಲಿ ಬೆಳೆದು ಈಗ ಮುಳುಗಿರುವ ಜಾಲಿ ಗಿಡಗಳಿಗೆ ಸಿಕ್ಕು ನನ್ನ ಮೂರು ಚಮಚ ಹೋದವು, ಅಷ್ಟೇ.

ಈ ಸಲ ಸೀಸ ಬಿಚ್ಚಿದೆ. ಹರಿಗೋಲಿನ ಎರಡೂ ಬದಿಗೆ ಒಂದೊಂದು, ಮೂವತ್ತು ಮೀಟರ್ ದಾರ ಬಿಟ್ಟು, ಚಮಚ ಮೂರು ನಾಲ್ಕು ಮೀಟರ್ ಆಳದಲ್ಲೇ ಇರುವಂತೆ ನೋಡಿಕೊಂಡೆ. ದಾರ ತಿರುಚಿಕೊಳ್ಳದಂತೆ ಮಧ್ಯೆ ಸ್ವಿವೆಲ್, ಅಂದರೆ ತಿರುಗುವ ಕೊಂಡಿ, ಹಾಕಿದ್ದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಟ್ರೋಲಿಂಗ್ ಮಾಡುವವರು ದೋಣಿಯನ್ನು ಬೇಕಂತಲೇ ಹಾವಿನಂತೆ ಓಡಿಸುತ್ತಾರೆ. ತಿರುವಿನ ಒಳಗಿನ ಚಮಚ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಗಿನದು ವೇಗವಾಗಿ ಮೇಲೇಳುತ್ತದೆ. ಯಾವುದಕ್ಕೆ ಮೀನು ಬಾಯಿ ಹಾಕಿತು ಅನ್ನೋದರಲ್ಲಿ ಅದಕ್ಕೆ ಬೇಕಾದ ವೇಗ ತಿಳಿಯುತ್ತದೆ. ನಮ್ಮ ಹರಿಗೋಲು ದುಂಡಗಿದೆ, ನೆಟ್ಟಗೆ ಹೋಗೋದೇ ಇಲ್ಲ. ಪ್ರತಿ ಹುಟ್ಟಿಗೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಇದನ್ನೇ ನಾನು ಇಷ್ಟು ದಿನ ಕೊರತೆ ಅಂದುಕೊಂಡಿದ್ದೆ! ಫೋನಿನಲ್ಲಿ ನೋಡಿದರೆ ವೇಗ ಗಂಟೆಗೆ ಎರಡೂವರೆ ಕಿಲೋಮೀಟರ್. ಟ್ರೌಟಿಗೆ ಎಳೆಯುವವರೂ ಹೆಚ್ಚುಕಡಿಮೆ ಈ ವೇಗದಿಂದಲೇ ಶುರು ಮಾಡುತ್ತಾರೆ.

ಏಳು ಗಂಟೆ ಸುಮಾರಿಗೆ, ಹರಿಗೋಲು ಎಡಕ್ಕೆ ವಾಲಿದಾಗ, ಒಳಬದಿಯ ದಾರ ಬಿಗಿಯಾಯಿತು. ಜಾಲಿಯೇ ಇರಬೇಕು ಅಂದುಕೊಂಡೆ. ಜಾಲಿ ತಲೆ ಒದರಲ್ಲ, ಅಲ್ವಾ? ಹತ್ತು ನಿಮಿಷ ಕೈ ನಡುಗುತ್ತಲೇ ಇತ್ತು. ಬಾಳೆ ಮೀನು, ಉದ್ದ ಮೀಸೆ, ಬೆಳ್ಳಿ ಮೈ, ಎರಡು ಕಿಲೋ ಇನ್ನೂರು ಗ್ರಾಂ. ಮಳೆ ಬಂದರೆ ಮೊಟ್ಟೆ ಇಡುವ ಮೀನು, ಬಿಟ್ಟುಬಿಡೋಣವೇ ಅಂದೆ. ಹಿರಿಯರು ಮಾತಿಲ್ಲದೆ ಗಾಳ ಬಿಡಿಸಿ, ಬಾಲ ಹಿಡಿದು ಸ್ವಲ್ಪ ಹೊತ್ತು ನೀರಲ್ಲಿ ಆಡಿಸಿ ಬಿಟ್ಟರು.

ಒಂಬತ್ತಕ್ಕೆ ಗಾಳಿ ಜಾಸ್ತಿ ಆಯಿತು, ದಡಕ್ಕೆ ಬಂದೆವು. ಕಚ್ಚಿದ್ದು ಒಳಬದಿಯದು, ಅಂದರೆ ನಿಧಾನದ್ದು. ಮುಂದಿನ ವಾರ ಇನ್ನೂ ನಿಧಾನಕ್ಕೆ ಎಳೆದರೂ ಹೊರಳುವಂತೆ ತೆಳು ತಾಮ್ರದ ಚಮಚ ಬಡಿಯುತ್ತಿದ್ದೇನೆ.